ಆಶಾಸಂಧಿಪ್ರಕರಣ: ಹೈಬ್ರಿಡ್ ಆಟಪೆಟ್ಟಿಗೆಯ ಮುಂದಿನ ಪೀಳಿಗೆಯನ್ನು ಕುರಿತು

ಶಾಸ್ತ್ರ ಬರೆಯಲು ಹೊರಟವನು ಮೊದಲು ತನ್ನ ಅಧಿಕಾರ ಹೇಳಿಕೊಳ್ಳಬೇಕು. ನನ್ನದು ಇಷ್ಟು: ಮೂವತ್ತು ವರ್ಷ ಹೈಸ್ಕೂಲು ಹುಡುಗರಿಗೆ ಲೋಪ, ಆಗಮ, ಆದೇಶ ಸಂಧಿಗಳನ್ನು ಕಲಿಸಿದ್ದೇನೆ; ವಿಡಿಯೊ ಗೇಮ್ ಒಂದನ್ನೂ ಇಂದಿನವರೆಗೆ ಗೆದ್ದಿಲ್ಲ. ಸೋತವನಿಗೆ ವಿಂಗಡಿಸುತ್ತ ಕೂಡಲು ಪುರಸತ್ತು ಹೆಚ್ಚು. ಅಲ್ಲದೆ ವಿಂಗಡಣೆ ನಮ್ಮ ರೋಣ ತಾಲೂಕಿಗೆ ಹೊಸ ಚಟವೇನಲ್ಲ. ಹೆಚ್ಚುಕಡಿಮೆ ಸಾವಿರ ವರ್ಷದ ಹಿಂದೆ ಇಲ್ಲಿಯ ಸವಡಿಯ ದುರ್ಗಸಿಂಹ ಪಂಚತಂತ್ರದ ಕತೆಗಳನ್ನು ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂದು ಐದು ಗೂಡುಗಳಲ್ಲಿ ಇಟ್ಟ. ಆತ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ, ಎಂದರೆ ಯುದ್ಧ-ಸಂಧಾನಗಳ ಮಂತ್ರಿ. ನನಗೆ ಗೊತ್ತಿರುವ ಸಂಧಿ ಅಕ್ಷರದ್ದು, ವಿಗ್ರಹ ಸಮಾಸದ್ದು. ಆದರೂ ತಾಲೂಕು ಒಂದೇ.

ಗ್ರಂಥಕ್ಕೆ ನಿಮಿತ್ತ ಹೀಗೆ. 2024ರ ದೀಪಾವಳಿ ಮುಗಿಸಿ ಬೆಂಗಳೂರಿಗೆ ಹೊರಟ ಅಕ್ಕನ ಮಗನನ್ನು ಕಳಿಸಲು ಹೊಳೆಆಲೂರು ಸ್ಟೇಷನ್ನಿಗೆ ಹೋಗಿದ್ದೆ. ಗಾಡಿ ಲೇಟು. ಹುಡುಗ ಬ್ಯಾಗಿನಿಂದ ನಿಂಟೆಂಡೊ ಸ್ವಿಚ್ ತೆಗೆದ, ಬೆನ್ನಿನ ಕಡ್ಡಿ ಬಿಡಿಸಿ ಬೆಂಚಿನ ಮೇಲೆ ನಿಲ್ಲಿಸಿದ, ಎರಡು ಮಗ್ಗುಲಿನ ರಿಮೋಟುಗಳನ್ನು ಮೇಲಕ್ಕೆ ಜಾರಿಸಿ ಬಿಚ್ಚಿ ಒಂದನ್ನು ನನ್ನ ಕೈಗೆ ಕೊಟ್ಟ. ಕಾರಿನ ರೇಸು. ಮೂರು ತಿರುವಿನಲ್ಲಿ ಮೂರು ಸಲ ಪ್ರಪಾತಕ್ಕೆ ಬಿದ್ದೆ. ಅಷ್ಟರಲ್ಲಿ ಎಲ್ಲಿದ್ದರೋ, ನಾಲ್ಕು ಹುಡುಗರು ಬೆಂಚಿನ ಹಿಂದೆ ನಿಂತು ನನಗೆ ದಾರಿ ಹೇಳತೊಡಗಿದರು.

"ಇದು ಹಳೇದಾತು ಮಾಮಾ," ಅಂದ ಅಕ್ಕನ ಮಗ. "ಹೈಬ್ರಿಡ್ ಐತಿ ಖರೆ, ಆದ್ರ ಇದರ ಮುಂದಿನ ಜನರೇಶನ್ ಬರೂದೈತಿ. ಅದಕ್ಕ ಕಾಯಾಕತ್ತೀವಿ."

ಬೆಂಚಿನ ಆ ತುದಿಗೆ ಹಿಂಗಾರಿ ಕಡಲೆ ಬಿತ್ತಿ ಬಂದ ಹಿರಿಯರೊಬ್ಬರು ಕೂತಿದ್ದರು. "ಹೈಬ್ರಿಡ್ಡಿಗೆ ಮುಂದಿನ ಪೀಳಿಗಿ ಎಲ್ಲಿಂದ ಬರತೈತೋ ತಮ್ಮಾ?" ಎಂದು ಕೇಳಿದರು. "ಮನ್ಯಾಗ ಇಟ್ಟ ಬೀಜಾ ಬಿತ್ತಿ ನೋಡು, ಒಂದು ಗಿಡಾ ಎದಿಮಟ, ಒಂದು ಮೊಣಕಾಲಮಟ. ವರ್ಷಾ ರೊಕ್ಕಾ ಕೊಟ್ಟು ಹೊಸಾ ಚೀಲಾನ ತರಬೇಕು."

ಹುಡುಗರು ನಕ್ಕರು. ನಾನು ನಗಲಿಲ್ಲ, ಶಾಸ್ತ್ರದಲ್ಲಿ ಇದಕ್ಕೆ ಪೂರ್ವಪಕ್ಷ ಎನ್ನುತ್ತಾರೆ, ನಕ್ಕು ತಳ್ಳುವಂತಿಲ್ಲ. ನಮ್ಮ ಎರೆಹೊಲದವರು ಹೈಬ್ರಿಡ್ ಎಂಬ ಶಬ್ದ ಕಲಿತದ್ದು ಜೋಳದ ಚೀಲದಿಂದ, ಆಮೇಲೆ ಹತ್ತಿಯ ಚೀಲದಿಂದ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗೆ ಸಂಬಂಧ ಬೆಳೆಸಿ ವರಲಕ್ಷ್ಮಿ ತಳಿ ಹುಟ್ಟಿಸಿದರು. ಮೊದಲ ಪೀಳಿಗೆಯಲ್ಲಿ ತಂದೆತಾಯಿ ಇಬ್ಬರ ಗುಣವೂ ಕೂಡಿ ಬೆಳೆ ಬೀಗುತ್ತದೆ. ಅದರದೇ ಬೀಜ ಬಿತ್ತಿದರೆ ಎರಡನೆಯ ಪೀಳಿಗೆಯಲ್ಲಿ ಗುಣಗಳು ಪಾಲಾಗಿ ಮನೆ ಒಡೆಯುತ್ತದೆ. ಹೀಗಾಗಿ ಹೈಬ್ರಿಡ್‌ಗೆ ಸಂತಾನವಿಲ್ಲ, ಅಂಗಡಿ ಮಾತ್ರ ಇದೆ. ಆಟದ ಕಂಪನಿಗೂ ಈ ಲಕ್ಷಣ ಹೊಂದುತ್ತದೆಯೇ ಎಂಬುದು ಈ ಗ್ರಂಥದ ವಿಷಯ.

ಮೊದಲು ವಸ್ತುನಿರೂಪಣೆ. ಆಟಪೆಟ್ಟಿಗೆಗಳು ಆದಿಯಲ್ಲಿ ಎರಡೇ ಬಗೆ: ಸ್ಥಾವರ ಮತ್ತು ಜಂಗಮ. ಟಿವಿಗೆ ವೈರು ಬಿಗಿದು ಮನೆಯಲ್ಲಿ ಕೂತದ್ದು ಸ್ಥಾವರ, ಕೈಯಲ್ಲಿ ಹಿಡಿದು ತಿರುಗುವುದು ಜಂಗಮ. ಜಂಗಮ ಹುಟ್ಟಿದ್ದೇ ರೈಲಿನಲ್ಲಿ ಎಂದು ಹೇಳುತ್ತಾರೆ. ಜಪಾನಿನ ಗುನ್‌ಪೈ ಯೊಕೊಯಿ ರೈಲಿನಲ್ಲಿ ಹೋಗುವಾಗ, ಬ್ಯಾಸರಾದ ಪ್ರಯಾಣಿಕನೊಬ್ಬ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತಿದ್ದನ್ನು ನೋಡಿದನಂತೆ. 1980ರಲ್ಲಿ ಗೇಮ್ ಆ್ಯಂಡ್ ವಾಚ್ ಬಂತು. 1989ರಲ್ಲಿ ನಾಲ್ಕು ಸೆಲ್ಲಿನ ಗೇಮ್ ಬಾಯ್. ನಮ್ಮ ಗಾಡಿಗಳು ಒಂಟಿ ಹಳಿಯ ಕಾಲದಲ್ಲಿ ಕ್ರಾಸಿಂಗಿಗೆಂದು ನಿಂತು ನಿಂತು ಕೊಟ್ಟ ಬ್ಯಾಸರ ಜಪಾನಿನವರಿಗೆ ಸಿಕ್ಕಿದ್ದರೆ ಜಂಗಮ ಹತ್ತು ವರ್ಷ ಮೊದಲೇ ಹುಟ್ಟುತ್ತಿತ್ತು. ನಮಗೆ ಸಿಕ್ಕ ಜಂಗಮ ಬನಶಂಕರಿ ಜಾತ್ರೆಯದು: ಎರಡು ಸೆಲ್ಲಿನ ಇಟ್ಟಿಗೆ ಆಟ, ಮೇಲೆ 9999 ಇನ್ 1 ಎಂದು ಬರೆದದ್ದು. ಒಳಗೆ ಇದ್ದವು ನಾಲ್ಕಾರು ಆಟ; ಉಳಿದವು ಅವೇ, ವೇಗ ಬೇರೆ. ಇದನ್ನು ಶಾಸ್ತ್ರದಲ್ಲಿ ಪುನರುಕ್ತಿದೋಷ ಎನ್ನಬೇಕು, ಆದರೆ ಆಗ ಯಾರೂ ಎಣಿಸಲು ಹೋಗಲಿಲ್ಲ.

2017ರ ಮಾರ್ಚ್ 3ರಂದು ಬಂದ ಸ್ವಿಚ್ ಈ ಎರಡನ್ನೂ ಒಂದು ದೇಹದಲ್ಲಿ ಕೂಡಿಸಿತು. ಕೈಯಲ್ಲಿದ್ದರೆ 6.2 ಇಂಚಿನ ಜಂಗಮ, ಗೂಡಿಗೆ ಇಳಿಸಿದರೆ ಟಿವಿಯ ಸ್ಥಾವರ. ಬೇರೆ ಕುಲದ ಎರಡು ಪದ ಕೂಡಿದರೆ ಅರಿಸಮಾಸ. ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಅದು ಸಲ್ಲದು ಎಂದ, ಹಿಂದಿನವರ ಬಳಕೆಯಲ್ಲಿ ನೆಲೆ ನಿಂತವನ್ನು ಒಪ್ಪಿದ. ಸ್ವಿಚ್ ನೆಲೆ ನಿಂತಿತು. ಸಿದ್ಧಾಂತಿಗಳು ಸುಮ್ಮನಾದರು.

ಇನ್ನು ಆಸೆಗಳ ಪ್ರಕರಣ.

ಸೂತ್ರಂ: ಪೋದೊಡೆ ಲೋಪಂ, ಬಂದೊಡಾಗಮಂ, ಪಲ್ಲಟಿಸಿದೊಡಾದೇಶಂ.

ವೃತ್ತಿ: ಮುಂದಿನ ಪೀಳಿಗೆಯ ಬಗ್ಗೆ ಇಟ್ಟುಕೊಳ್ಳುವ ಆಸೆಯೆಲ್ಲ ಈ ಮೂರರಲ್ಲಿ ಒಂದು. ಇದ್ದದ್ದು ಹೋಗಲಿ ಎನ್ನುವುದು ಲೋಪ. ಇಲ್ಲದ್ದು ಬರಲಿ ಎನ್ನುವುದು ಆಗಮ. ಇದರ ಜಾಗದಲ್ಲಿ ಅದು ಬರಲಿ ಎನ್ನುವುದು ಆದೇಶ. ಕೊನೆಯ ಎರಡರ ಭೇದ ಹುಡುಗರ ತಲೆಗೆ ಹತ್ತುತ್ತಿರಲಿಲ್ಲ. ಆಗಮ ಗೆಳೆಯನ ಹಾಗೆ, ಆದೇಶ ವೈರಿಯ ಹಾಗೆ ಎಂಬ ಹಳೆಯ ವೈಯಾಕರಣರ ಮಾತನ್ನು ನಾನು ಪ್ಯಾಸೆಂಜರ್ ಗಾಡಿಗೆ ಹತ್ತಿಸಿ ಹೇಳುತ್ತಿದ್ದೆ. "ಸ್ವಲ್ಪ ಸರಕೋರಿ" ಎಂದು ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಕೂಡುವವನು ಆಗಮ. "ಏಳ್ರಿ, ಇದು ನನ್ನ ರಿಸರ್ವೇಶನ್" ಎನ್ನುವವನು ಆದೇಶ.

ಆ ಸಂಜೆ ಅಕ್ಕನ ಮಗ ಹೇಳಿದ ಆಸೆಗಳನ್ನೆಲ್ಲ ಟಿಕೀಟಿನ ಹಿಂದೆ ಬರೆದುಕೊಂಡೆ. 2025ರ ಜನವರಿ 16ಕ್ಕೆ ಸ್ವಿಚ್ 2 ಪ್ರಕಟವಾಯಿತು, ಜೂನ್ 5ಕ್ಕೆ ಮಾರಾಟಕ್ಕೆ ಬಂತು, ಮೊದಲ ನಾಲ್ಕು ದಿನದಲ್ಲಿ 35 ಲಕ್ಷಕ್ಕಿಂತ ಹೆಚ್ಚು ಹೋದವು. ಟಿಕೀಟು ತೆಗೆದು ತಾಳೆ ನೋಡಿದೆ.

ಲೋಪದ ಆಸೆಗಳಲ್ಲಿ ಪಟ್ಟದ ಸ್ಥಾನ ಡ್ರಿಫ್ಟ್‌ಗೆ. ರಿಮೋಟಿನ ಮೇಲಿನ ಆಡಿಸುವ ಕಡ್ಡಿಯನ್ನು ಯಾರೂ ಮುಟ್ಟದಿದ್ದರೂ ಆಟದೊಳಗಿನ ಮನುಷ್ಯ ತನ್ನಷ್ಟಕ್ಕೆ ಒಂದು ಕಡೆ ಸರಿಯುವ ರೋಗ ಅದು. ಗೆರೆ ಬಿಟ್ಟು ಎಡಕ್ಕೇ ಎಳೆಯುವ ಎತ್ತಿನ ಹಾಗೆ. ಜಗತ್ತಿನ ತುಂಬ ದೂರು ಎದ್ದು 2020ರಲ್ಲಿ ಕಂಪನಿಯ ಅಧ್ಯಕ್ಷರೇ ಕ್ಷಮೆ ಕೇಳಿದರು. ಕಾದವರ ಬಯಕೆ, ಸವೆಯದ ಅಯಸ್ಕಾಂತದ ಕಡ್ಡಿ ಬರಲಿ ಎಂದು. ಬಂದದ್ದು ಹೊಸದಾಗಿ ಮಾಡಿದ ಕಡ್ಡಿ, ಆದರೆ ಅಯಸ್ಕಾಂತದ್ದಲ್ಲ. ಎತ್ತು ಬೇರೆ, ಸಂತೆ ಅದೇ. ಇದು ವಿಕಲ್ಪದಿಂದ ಲೋಪ.

ಆಗಮದಲ್ಲಿ ಕೈ ಧಾರಾಳ. 32 ಜಿಬಿ ಇದ್ದ ಕಣಜ 256 ಆಯಿತು, ಎಂಟು ಪಟ್ಟು. ಟಿವಿಯಲ್ಲಿ 4ಕೆ ಚಿತ್ರ, ಕೈಯಲ್ಲಿ 7.9 ಇಂಚಿನ ತೆರೆ. ರಿಮೋಟನ್ನು ಅಡ್ಡ ಮಲಗಿಸಿ ಮೇಜಿನ ಮೇಲೆ ಉಜ್ಜಿದರೆ ಕಂಪ್ಯೂಟರಿನ ಮೌಸ್. ಇದನ್ನು ಯಾರು ಕೇಳಿದ್ದರೋ ತಿಳಿಯದು; ಕೇಳದೆ ಬಂದ ಆಗಮವೂ ಉಂಟು, ಮದುವೆಮನೆಯಲ್ಲಿ ನೋಡಿದ್ದೇವೆ. ಬ್ಯಾಟರಿ ಮಾತ್ರ ಮೊದಲನೆಯ ಸ್ವಿಚ್ಚಿಗೆ ಎರಡೂವರೆಯಿಂದ ಆರೂವರೆ ತಾಸು ಎಂದು ಕಂಪನಿ ಹೇಳಿತ್ತು, ಎರಡನೆಯದಕ್ಕೆ ಎರಡರಿಂದ ಆರೂವರೆ ಎಂದಿತು. ದೇಹ ದೊಡ್ಡದಾಯಿತು, ಉಪವಾಸ ತಡೆಯುವ ಶಕ್ತಿ ಇಳಿಯಿತು.

ಆದೇಶವೇ ರುಚಿಯಾದದ್ದು. ಹಳೆಯದರಲ್ಲಿ ರಿಮೋಟು ಹಳಿಯ ಮೇಲೆ ಜಾರಿ ಕೂಡುತ್ತಿತ್ತು. ಈಗ ಹಳಿಯ ಜಾಗಕ್ಕೆ ಅಯಸ್ಕಾಂತ, ಹತ್ತಿರ ಒಯ್ದರೆ ಟಕ್ಕೆಂದು ಕಚ್ಚುತ್ತದೆ. ಕಡ್ಡಿಗೆ ಸಿಗದ ಅಯಸ್ಕಾಂತ ಮಗ್ಗುಲಿಗೆ ಸಿಕ್ಕಿತು. ತೆರೆಯ ವಿಷಯದಲ್ಲಿ ವಿಚಿತ್ರ ನಡೆಯಿತು: 2021ರ ಮಾದರಿಯಲ್ಲಿ ಎಲ್‌ಸಿಡಿ ಎದ್ದು ಹೋಗಿ ಓಎಲ್‌ಇಡಿ ಕೂತಿತ್ತು, 2025ರಲ್ಲಿ ಎಲ್‌ಸಿಡಿ ಮರಳಿ ಬಂದು ಓಎಲ್‌ಇಡಿಯನ್ನು ಎಬ್ಬಿಸಿತು. ಹಳಗನ್ನಡದ ಪ-ಕಾರದ ಜಾಗಕ್ಕೆ ಬಂದ ಹ-ಕಾರ ತಿರುಗಿ ಪ-ಕಾರವಾದ ಉದಾಹರಣೆ ಕನ್ನಡದಲ್ಲಿ ನಾನು ನೋಡಿಲ್ಲ.

ಹಿರಿಯರ ಪೂರ್ವಪಕ್ಷಕ್ಕೆ ಉತ್ತರ ಸಿಗುವುದೂ ಇಲ್ಲಿಯೇ. ನಮ್ಮ ಗದಗ–ಹೋಟಗಿ ಹಳಿ ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಾದಾಗ ಹಳೆಯ ಡಬ್ಬಿಗಳೆಲ್ಲ ದಿಕ್ಕಿಲ್ಲದಂತಾದವು. ಹೊಸ ಹಳಿಯ ಮೇಲೆ ಅವುಗಳ ಗಾಲಿ ಕೂಡಲಿಲ್ಲ. ಸ್ವಿಚ್ 2 ಹಾಗಲ್ಲ. ಹಳೆಯ ಆಟದ ಕ್ಯಾಸೆಟ್‌ಗಳಲ್ಲಿ ಬಹುತೇಕ ಎಲ್ಲವೂ ಇದರಲ್ಲಿ ಓಡುತ್ತವೆ. ಹಳೆಯ ರಿಮೋಟು ಮಗ್ಗುಲಿಗೆ ಅಂಟುವುದಿಲ್ಲವಾದರೂ ದೂರದಿಂದ ಕೆಲಸ ಮಾಡುತ್ತದೆ. ಅಂದರೆ ಮನೆಯಲ್ಲಿ ಇಟ್ಟ ಬೀಜ ಈ ಹೊಲದಲ್ಲಿ ಮೊಳೆಯುತ್ತದೆ. ಆದರೆ ಹೊಲವನ್ನು ಹೊಸದಾಗಿ ಕೊಳ್ಳಬೇಕು: 299 ಡಾಲರ್ 99 ಸೆಂಟಿಗೆ ಬಂದಿದ್ದ ಪೆಟ್ಟಿಗೆಯ ಮಗನಿಗೆ ಬಂದಾಗ 449 ಡಾಲರ್ 99 ಸೆಂಟು, ಆಗಿನ ನಮ್ಮ ಲೆಕ್ಕದಲ್ಲಿ 38 ಸಾವಿರ ರೂಪಾಯಿಯ ಆಜೂಬಾಜು. ಹಿರಿಯರು ಅರ್ಧ ಗೆದ್ದರು.

ಇನ್ನರ್ಧವನ್ನೂ ಗೆಲ್ಲಿಸುವ ಒಂದು ವಸ್ತು ಇದೆ. ಗೇಮ್ ಕೀ ಕಾರ್ಡ್ ಎಂದು ಹೆಸರು. ನೋಡಲು ಕ್ಯಾಸೆಟ್ಟೇ, ಬೆಲೆಯೂ ಕ್ಯಾಸೆಟ್ಟಿನದೇ, ಒಳಗೆ ಆಟ ಮಾತ್ರ ಇಲ್ಲ, ಬರೀ ಕೀಲಿ. ಆಟವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಬೀಜದ ಚೀಲ ಒಡೆದರೆ ಒಳಗೆ "ಅಂಗಡಿಗೆ ಬಾ" ಎಂಬ ಚೀಟಿ ಸಿಕ್ಕ ಹಾಗೆ. ಇದನ್ನು ಲೋಪದಲ್ಲಿ ಸೇರಿಸಲೋ ಆಗಮದಲ್ಲಿ ಸೇರಿಸಲೋ ಎಂದು ಎರಡು ದಿನ ಒದ್ದಾಡಿ, ಕೊನೆಗೆ ದುರ್ಗಸಿಂಹನ ನಾಲ್ಕನೆಯ ಗೂಡಿನಲ್ಲಿ ಇಟ್ಟೆ. ಆ ಗೂಡಿನ ಹೆಸರು ಮೇಲೆ ಬಂದಿದೆ. ಒಂದು ಸಮಾಧಾನ: ಸ್ವಿಚ್ಚಿನ ಕ್ಯಾಸೆಟ್ಟಿಗೆ ಮಕ್ಕಳು ನುಂಗದಿರಲಿ ಎಂದು ಬೇವನ್ನೂ ನಾಚಿಸುವ ಕಹಿ ಬಳಿದಿರುತ್ತಾರೆ. ದೊಡ್ಡವರು ನುಂಗುವುದಕ್ಕೆ ಏನೂ ಬಳಿದಿಲ್ಲ.

ಇಲ್ಲಿಯವರೆಗಿನದು ಪೇಟೆಯ ಆಸೆ. ಬೆಂಚಿನ ಹಿಂದೆ ನಿಂತ ನಾಲ್ವರನ್ನೂ ಆ ಸಂಜೆಯೇ ನಾನು ಕೇಳಿದ್ದೆ, ಏಕೆಂದರೆ ದೇಶ್ಯವನ್ನು ಬಿಟ್ಟ ವ್ಯಾಕರಣ ಅಪೂರ್ಣ. ಮೊದಲನೆಯವನು ಇದರಲ್ಲಿ ಪಬ್ಜಿ ಬರುತ್ತದೆಯೇ ಅಂದ, ಇಲ್ಲ ಎಂದು ತಿಳಿದು ಆಸಕ್ತಿ ಕಳೆದುಕೊಂಡ. ಎರಡನೆಯವನು ಬಿಸಿಲಲ್ಲಿ ಕಾಣಬೇಕು ಅಂದ. ಹೊಲದಲ್ಲಿ ಕಾಗೆ ಕಾಯುವವನ ನ್ಯಾಯವಾದ ಬೇಡಿಕೆ. ಮೂರನೆಯವನು ನೀರು ಹೊಕ್ಕರೆ ಕೆಡಬಾರದು ಅಂದ. ಮಲಪ್ರಭೆ 2009ರಲ್ಲೂ 2019ರಲ್ಲೂ ಏನು ಮಾಡಿದಳೆಂಬುದನ್ನು ಈ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಣ್ಣಿಹಳ್ಳದ ನೀರೂ ಕೂಡಿ ಬಂದಾಗ ಕೈಗೆ ಸಿಕ್ಕದ್ದನ್ನು ಹೊತ್ತು ಓಡಬೇಕು, ಆ ಗಂಟಿನಲ್ಲಿ ಪೆಟ್ಟಿಗೆಯೂ ಇರಬಹುದು.

ನಾಲ್ಕನೆಯವನು ಏನೂ ಕೇಳಲಿಲ್ಲ. ಬಿಚ್ಚಿಟ್ಟ ರಿಮೋಟನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದ. ಅಕ್ಕನ ಮಗ ಅವನಿಗೆ ಬೇರೊಂದು ಆಟ ಹಾಕಿ ಕೊಟ್ಟಿದ್ದ: ರಿಮೋಟನ್ನು ಮೆಲ್ಲಗೆ ಓರೆ ಮಾಡಿದರೆ ಒಳಗೆ ಗೋಲಿ ಉರುಳಿದಂತೆ ನಡುಗುತ್ತದೆ, ಎಷ್ಟು ಗೋಲಿ ಎಂದು ಹೇಳಬೇಕು. ಒಳಗೆ ಗೋಲಿ ಇಲ್ಲ, ನಡುಕ ಮಾತ್ರ. ಹುಡುಗ ಮೂರು ಅಂದ. ಮೂರೇ ಇದ್ದವು. ನಮ್ಮಲ್ಲಿ ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು ಸರಿಯೋ ಬೆಸವೋ ಎಂದು ಕೇಳುವ ಆಟದ ತಮ್ಮನೇ ಅದು. ಈ ಆಟಕ್ಕೆ ತೆರೆ ಬೇಕಿಲ್ಲ, ಕಣ್ಣು ಬೇಕಿಲ್ಲ. ನಮ್ಮೂರಿನ ಜ್ಞಾನಸಿಂಧು ಅಂಧ ಮಕ್ಕಳ ಶಾಲೆಯ ಹುಡುಗರು ಮಲ್ಲಗಂಬ ಏರುವುದನ್ನು ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ; ಕಂಬದ ಮೇಲೆ ಅಂಗಾಲಿನಿಂದ ನೋಡುವವರು ಅವರು. ಹೊಸ ಪೆಟ್ಟಿಗೆಯಲ್ಲಿ ತೆರೆಯ ಮೇಲಿನ ಪಟ್ಟಿಯನ್ನು ಓದಿ ಹೇಳುವ ದನಿ ಸೇರಿದೆ. ಆಗಮಗಳಲ್ಲೆಲ್ಲ ಅದೇ ದೊಡ್ಡದು ಎಂದು ನನ್ನ ತೀರ್ಮಾನ, 4ಕೆ ಅಲ್ಲ. ಆದರೆ ಆ ದನಿಗೆ ಕನ್ನಡ ಬಾರದು. ಪೆಟ್ಟಿಗೆಗೆ ಜಪಾನಿ, ಇಂಗ್ಲಿಷ್, ಫ್ರೆಂಚ್, ಡಚ್, ಕೊರಿಯನ್ ಬರುತ್ತವೆ. ಭಾರತದ ಭಾಷೆ ಒಂದೂ ಇಲ್ಲ. ಸ್ವಿಚ್ ಅನ್ನು ಕಂಪನಿ ಅಧಿಕೃತವಾಗಿ ನಮ್ಮ ದೇಶಕ್ಕೆ ತಂದೂ ಇಲ್ಲ. ಇಲ್ಲಿ ಇರುವುದೆಲ್ಲ ಯಾರದೋ ಸೂಟ್‌ಕೇಸಿನಲ್ಲೋ ಅಂಗಡಿಯ ಹಿಂಬಾಗಿಲಲ್ಲೋ ಬಂದದ್ದು.

ಇಲ್ಲಿ ಮೂರು ಸಂಧಿಗಳೂ ಕೈಬಿಡುತ್ತವೆ, ನಾಲ್ಕನೆಯ ಪ್ರಕರಣ ಬೇಕಾಗುತ್ತದೆ. ಅದಕ್ಕೆ ಉದಾಹರಣೆ ಹುಡುಕಲು ನಾನು ಸ್ಟೇಷನ್ನಿನ ಬೋರ್ಡಿನತ್ತ ತಲೆ ಎತ್ತಿದರೆ ಸಾಕಿತ್ತು. ಹೊಳೆ ಎಂಬುದಕ್ಕೆ ಆಲೂರು ಪರವಾದರೆ ಸೂತ್ರದಂತೆ ಯ-ಕಾರ ಬಂದು ಹೊಳೆಯಾಲೂರು ಆಗಬೇಕು. ಅವಸರದ ಬಾಯಲ್ಲಿ ಹೊಳ್ಯಾಲೂರೂ ಆದೀತು. ಬರೆಯುವಾಗ ಮಾತ್ರ ಎರಡು ಸ್ವರ ಭುಜಕ್ಕೆ ಭುಜ ಹಚ್ಚಿ ನಿಲ್ಲುತ್ತವೆ, ಕೂಡುವುದಿಲ್ಲ. ಇದಕ್ಕೆ ಪ್ರಕೃತಿಭಾವ ಎಂದು ಹೆಸರು. ಆಟಪೆಟ್ಟಿಗೆಯೂ ನಮ್ಮೂರೂ ಆ ಸಂಜೆ ಒಂದೇ ಬೆಂಚಿನ ಮೇಲೆ ಕೂತಿದ್ದವು.

ಗಾಡಿ ಬಂತು. ಅಕ್ಕನ ಮಗ ಅವಸರದಲ್ಲಿ ಪೆಟ್ಟಿಗೆ ಮಡಚಿ ಹತ್ತಿದ. ಒಂದು ರಿಮೋಟು ನಾಲ್ಕನೆಯ ಹುಡುಗನ ಕೈಯಲ್ಲೇ ಉಳಿದಿತ್ತು. ಅವನು ಕಿಟಕಿಯ ಜೊತೆ ಓಡಿ ಒಳಗೆ ಕೊಟ್ಟ.

ಈ ಗ್ರಂಥಕ್ಕೆ ತಿದ್ದುಪಡಿ ಸೂಚಿಸಬಯಸುವ ವಿದ್ವಾಂಸರು ಯಾವುದಾದರೂ ರವಿವಾರ ಸಂಜೆ ಅದೇ ಬೆಂಚಿಗೆ ಬರಬಹುದು. ಹೊಸ ಪೆಟ್ಟಿಗೆ ಇದ್ದವರು ತರಲಿ. ಎರಡೂ ರಿಮೋಟು ತರಬೇಕು.