ಕೊಪಣ ವೀಕ್ಷಣ ಮೀಮಾಂಸೆ

ಆಟ ಆಡುವವರ ಬಗ್ಗೆ ಗ್ರಂಥಗಳು ಬೇಕಾದಷ್ಟಿವೆ. ಕೂತು ನೋಡುವವರ ಬಗ್ಗೆ ಶಾಸ್ತ್ರ ಬರೆದವರನ್ನು ಕಾಣೆವು. ಆ ಕೊರತೆ ನೀಗಿಸಲೆಂದೇ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಬಂಧ ಹುಟ್ಟಿದೆ. ನಮ್ಮದೂ ತಾಲ್ಲೂಕೇ ಎಂದು ಕಾರಟಗಿ, ಕನಕಗಿರಿ, ಕುಕನೂರಿನವರು ತಕರಾರು ತೆಗೆಯಬಹುದು. ಅಧ್ಯಯನಕ್ಕೆ ಆರಿಸಿಕೊಂಡ ವರ್ಷ 2016. ಆಗ ನಾಲ್ಕೇ ಇದ್ದವು. ತಕರಾರು ವಜಾ.

ಮೊದಲು ವಿಷಯದ ಪ್ರಾಚೀನತೆಯನ್ನು ಸ್ಥಾಪಿಸಬೇಕು. ಸ್ಥಾಪಿಸದಿದ್ದರೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡುವುದಿಲ್ಲ. ಜನ ಗುಂಪುಗೂಡಿ ಗದ್ದಲ ಎಬ್ಬಿಸುವ ಮೇಳಗಳು ಕೂಡದೆಂದು ಅಶೋಕ ಚಕ್ರವರ್ತಿ ತನ್ನ ಮೊದಲನೆಯ ದೊಡ್ಡ ಬಂಡೆಶಾಸನದಲ್ಲಿ ಕಟ್ಟಪ್ಪಣೆ ಮಾಡಿದ್ದಾನೆ. ಗಿರ್ನಾರಿನ ಬಂಡೆಯ ಮೇಲೆ ಆ ಶಾಸನ ಇದೆ, ಕೊಪ್ಪಳದಲ್ಲಿ ಇಲ್ಲ. ಇಲ್ಲಿನ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅವನು ಕೊರೆಸಿದ್ದು ಕಿರುಶಾಸನ ಮಾತ್ರ. ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸ್ವರ್ಗ ದಕ್ಕೀತು ಎಂಬುದು ಅದರ ಸಾರ. ಇದರಿಂದ ಎರಡು ಸಂಗತಿ ನಿರ್ವಿವಾದವಾಗಿ ಸಿದ್ಧವಾಗುತ್ತವೆ. ಒಂದು, ಗುಂಪುಗೂಡಿ ಮ್ಯಾಚ್ ನೋಡಲು ಈ ಸೀಮೆಯವರಿಗೆ ಮೌರ್ಯರ ಕಾಲದಿಂದಲೂ ಅಡ್ಡಿಯಿಲ್ಲ. ಎರಡು, ಕಪ್ಪಿಲ್ಲದ ತಂಡಕ್ಕೂ ಒಂದಲ್ಲ ಒಂದು ದಿನ ಕಪ್ ಬಂದೀತು ಎಂಬ ಸಿದ್ಧಾಂತವನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಕಲ್ಲಿನ ಮೇಲೆ ಕೊರೆಯಲಾಗಿದೆ. ಇನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣದ, ಅಂದರೆ ಇದೇ ಕೊಪ್ಪಳದ, ಹೆಸರನ್ನೂ ಹೇಳುತ್ತದೆ. ಇಲ್ಲಿನ ಚಾದಂಗಡಿಗಳಲ್ಲಿ ಇಂದಿಗೂ ತಿರುಳ್ಗನ್ನಡವೇ ಕೇಳಿಬರುತ್ತದೆ: ಸಿಕ್ಸ್, ಫೋರ್, ನೋಬಾಲ್, ಎಲ್‌ಬಿ.

ಈಗ ಮೂಲ ಪ್ರಮೇಯ. ಈ ನಾಡಿನ ಪ್ರೇಕ್ಷಕರಲ್ಲಿ ಎರಡು ದರ್ಶನಗಳಿವೆ: ನೀರಾವರಿ ದರ್ಶನ, ಖುಷ್ಕಿ ದರ್ಶನ.

ಗಂಗಾವತಿಯದು ಮೊದಲನೆಯದು. ತುಂಗಭದ್ರೆಯ ಎಡದಂಡೆ ಕಾಲುವೆ, ವರ್ಷಕ್ಕೆ ಎರಡು ಭತ್ತ, ಸಾಲುಸಾಲು ರೈಸ್‌ಮಿಲ್ಲು. ಐಪಿಎಲ್ ಕಾವೇರುವ ಹೊತ್ತಿಗೆ ಅಲ್ಲಿ ಬೇಸಿಗೆ ಭತ್ತದ ಕಟಾವು. ಒಂದು ಕಣ್ಣು ಕಟಾವಿನ ಮಷೀನಿನ ಮೇಲೆ, ಇನ್ನೊಂದು ಮೊಬೈಲಿನ ಮೇಲೆ. ನೀರು ಬಂದೇ ಬರುತ್ತದೆಂದು ನಂಬಿ ಬೆಳೆದ ಮನಸ್ಸು, ಆದ್ದರಿಂದ ಕಪ್ ಗೆದ್ದೇ ಗೆಲ್ಲುವ ತಂಡವನ್ನೇ ಆರಿಸಿಕೊಳ್ಳುತ್ತದೆ. ಮುಂಬೈ, ಚೆನ್ನೈಗಳ ಅಭಿಮಾನಿಗಳು ಇಲ್ಲಿ ದಟ್ಟವಾಗಿರುವುದಕ್ಕೆ ಕಾಲುವೆಯೇ ಕಾರಣ. ಹಾಗಾದರೆ ಕಾಲುವೆಯ ಕೊನೆ ಭಾಗದ ರೈತನ ಗತಿಯೇನು ಎಂದು ಆಕ್ಷೇಪ ಬರಬಹುದು. ಅವನಿಗೆ ಕಾಲುವೆ ಇದೆ, ನೀರಿಲ್ಲ. ಅವನು ಡೆಲ್ಲಿ ತಂಡದವನು.

ಕುಷ್ಟಗಿ, ಯಲಬುರ್ಗಾದ್ದು ಖುಷ್ಕಿ ದರ್ಶನ. ಹಿಂಗಾರಿ ಜೋಳ, ಕಡಲೆ ರಾಶಿಯಾದ ಮೇಲೆ, ಯುಗಾದಿಯಿಂದ ಮೊದಲ ಮಳೆಯವರೆಗೆ ಹೊಲದಲ್ಲಿ ಕೆಲಸ ಕಡಿಮೆ, ಬಿಸಿಲು ನಲವತ್ತರ ಮೇಲೆ. ಬೇವಿನ ಮರದ ಕಟ್ಟೆ, ಒಗ್ಗರಣಿ-ಮಿರ್ಚಿ, ಕರೆಂಟ್ ಇದ್ದಷ್ಟು ಹೊತ್ತು ಟಿವಿ. ತನ್ನ ಕೈಯಲ್ಲಿಲ್ಲದ ಫಲಿತಾಂಶಕ್ಕಾಗಿ ಮುಖ ಮೇಲೆತ್ತಿ ಕಾಯುವ ವಿದ್ಯೆಯಲ್ಲಿ ಇವರನ್ನು ಮೀರಿಸುವವರು ಜಗತ್ತಿನ ಯಾವ ಸ್ಟೇಡಿಯಮ್ಮಿನಲ್ಲೂ ಸಿಗಲಾರರು. ರೋಹಿಣಿ ಮಳೆ ಜೋರಾಗಿ ಹೊಡೆಯುತ್ತದೆ. ಬಿತ್ತಿದ ಮೇಲೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಇಂಥ ಮೋಡವನ್ನು ತಲೆಮಾರುಗಳಿಂದ ನೋಡಿದವರಿಗೆ ಆರ್‌ಸಿಬಿ ಹೊಸದೇನೂ ಅಲ್ಲ. (ಕೊಪ್ಪಳ ಪಟ್ಟಣದಲ್ಲಿ ವರ್ಗಾವಣೆಯಾಗಿ ಬಂದ ನೌಕರರೇ ಹೆಚ್ಚು, ಅವರ ದರ್ಶನ ಮುಂದಿನ ವರ್ಗಾವಣೆಯವರೆಗೆ.)

ಈ ಪ್ರಮೇಯಕ್ಕೆ 2016ಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆ ಬೇಸಿಗೆ ಬರದ ಬೇಸಿಗೆ. ಕುಡಿಯಲು ನೀರಿಲ್ಲದಿರುವಾಗ ಪಿಚ್‌ಗೆ ನೀರೆಲ್ಲಿಯದು ಎಂಬ ವ್ಯಾಜ್ಯ ಬಾಂಬೆ ಹೈಕೋರ್ಟಿಗೆ ಹೋಗಿ, ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳು ಮಹಾರಾಷ್ಟ್ರದಿಂದ ಹೊರಬಿದ್ದವು. ಮುಂಬೈಯಲ್ಲಿ ಆಗಬೇಕಿದ್ದ ಫೈನಲ್ ಬೆಂಗಳೂರಿಗೆ ಬಂತು. ಬರಗಾಲ ಏನನ್ನಾದರೂ ಕೊಟ್ಟ ಉದಾಹರಣೆ ಈ ಸೀಮೆಯ ಇತಿಹಾಸದಲ್ಲಿ ಇದೊಂದೇ ಇರಬೇಕು. ಮೇ 29ರಂದು ಹೈದರಾಬಾದಿನವರು 208 ಹೊಡೆದರು. ಆರ್‌ಸಿಬಿಯ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ 114 ಸೇರಿಸಿದರು: ಇದು ರೋಹಿಣಿ. ಆಮೇಲೆ ಮೋಡ ಚದುರಿತು. 200ಕ್ಕೆ ನಿಂತು ಎಂಟು ರನ್ನಿನಿಂದ ಸೋಲು. ಕೊಹ್ಲಿಯ ಆ ಋತುವಿನ 973 ರನ್ನುಗಳಿಂದ ಒಂದು ಕೆರೆಯೂ ತುಂಬಲಿಲ್ಲ. ಯಲಬುರ್ಗಾದ ಕಟ್ಟೆಯ ಮೇಲೆ ಯಾರೂ ಟಿವಿ ಒಡೆಯಲಿಲ್ಲ. ಇದನ್ನು ಬೇರೆ ಊರಿನ ವಿದ್ವಾಂಸರು ನಿರಾಸಕ್ತಿ ಎಂದು ತಪ್ಪಾಗಿ ಓದುವ ಸಂಭವವಿದೆ.

ಇನ್ನು ಪ್ರಯೋಗ. ಅದೇ ವರ್ಷದ ಜೂನ್ 20, ಸೋಮವಾರ. ವರ್ಷದ ಅತಿ ಉದ್ದದ ಹಗಲಿನ ಆಸುಪಾಸಿನಲ್ಲೇ ಕಾರಹುಣ್ಣಿಮೆ ಕೂಡಿಬಂದ ದಿನ. ಸಂಜೆ ಊರಿನ ಅಗಸಿಯಲ್ಲಿ ಕರಿ ಎಂಬ ತೋರಣ ಕಟ್ಟಿ, ಸಿಂಗರಿಸಿದ ಎತ್ತುಗಳನ್ನು ಓಡಿಸುತ್ತಾರೆ. ಬಿಳಿ ಎತ್ತು ಕರಿ ಹರಿದರೆ ಹಿಂಗಾರಿ ಚಲೋ, ಕೆಂದ ಎತ್ತು ಹರಿದರೆ ಮುಂಗಾರಿ ಚಲೋ. ಗೆದ್ದವರಿಗೆ ಏನು ಸಿಕ್ಕಿತು ಎಂದು ಮಾತ್ರ ಕೇಳುವ ಆಟಗಳ ನಡುವೆ, ನೋಡಿದವರಿಗೆ ಏನು ಸಿಗುತ್ತದೆ ಎಂದು ಹೇಳುವ ಆಟ ಇದೊಂದೇ. ಈ ಸೂತ್ರವನ್ನು ಆ ದಿನದ ಉಳಿದ ಆಟಗಳಿಗೂ ಅನ್ವಯಿಸಿದರೆ ಹೇಗೆ? ಪ್ರಬಂಧಕಾರನ ಮೂಲ ಕೊಡುಗೆ ಇದೇ.

ಬೆಳಗಿನ ಜಾವ ಅಮೆರಿಕದ ಓಕ್ಲೆಂಡಿನಿಂದ ಬಾಸ್ಕೆಟ್‌ಬಾಲ್. ಕ್ಲೀವ್‌ಲ್ಯಾಂಡಿನವರು ಏಳನೆಯ ಪಂದ್ಯವನ್ನು 93–89ರಿಂದ ಗೆದ್ದು, 1964ರಿಂದ ಒಂದೂ ಪಟ್ಟ ಕಾಣದ ಊರಿಗೆ ಪಟ್ಟ ತಂದರು. ಅವರು ತೊಟ್ಟಿದ್ದು ಕರಿ ಅಂಗಿ. ಫಲ: ಎರಿ ಹೊಲದವರಿಗೆ ಶುಭ. ಚಾದಂಗಡಿಯಲ್ಲಿ ಇದರ ಮೇಲೆ ಚರ್ಚೆ ನಡೆಯಿತು.

"ಐವತ್ತೆರಡ ವರ್ಷ ಕಾದ್ರಂತ ಕಾಕಾ, ಒಂದ ಕಪ್ಪಿಗೆ!"

"ನಮ್ದು ಈಗ ಒಂಬತ್ತ ಆಗೈತಿ ತಮ್ಮಾ. ಏನ್ ಅವಸರ?"

(ಮುಂದೆ ಆರ್‌ಸಿಬಿಯವರ ಈ ಕಾಯುವಿಕೆ 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ, ಹದಿನೆಂಟನೆಯ ಸಲಕ್ಕೇ ಮುಗಿದು ಖುಷ್ಕಿ ದರ್ಶನ ಭಾರೀ ಬಿಕ್ಕಟ್ಟಿಗೆ ಸಿಲುಕಿತು. ಅದು ಪ್ರತ್ಯೇಕ ಪ್ರಬಂಧದ ವಸ್ತು.)

ಇಳಿಹೊತ್ತಿಗೆ ಹರಾರೆಯಿಂದ ಕ್ರಿಕೆಟ್. ಎರಡು ದಿನದ ಹಿಂದಷ್ಟೇ ಎರಡು ರನ್ನಿನಿಂದ ಗೆದ್ದಿದ್ದ ಕೆಂಪಂಗಿಯ ಜಿಂಬಾಬ್ವೆ ಈ ಸಲ 9 ವಿಕೆಟ್ಟಿಗೆ 99. ನಮ್ಮ ರಾಹುಲ್ ಔಟಾಗದೆ 47, ಮನ್‌ದೀಪ್ ಔಟಾಗದೆ 52, ಭಾರತಕ್ಕೆ ಹತ್ತು ವಿಕೆಟ್ ಜಯ. ಸೂತ್ರದ ಪ್ರಕಾರ ಕೆಂದ ಬಿತ್ತು, ಮುಂಗಾರಿಗೆ ಕುತ್ತು. ಗೆದ್ದದ್ದು ನೀಲಿ. ನೀಲಿ ಎತ್ತು ಯಾರ ಕೊಟ್ಟಿಗೆಯಲ್ಲೂ ಇಲ್ಲವಲ್ಲ ಎಂಬ ಆಕ್ಷೇಪಕ್ಕೆ, ಹಬ್ಬದ ದಿನ ಕೋಡಿಗೆ ಬಳಿಯುವ ಬಣ್ಣವನ್ನು ಗಮನಿಸಿ ಎಂದಷ್ಟೇ ಸಮಾಧಾನ. ಟಿವಿಯಲ್ಲಿ ಪಂದ್ಯ ಮುಗಿಯುವವರೆಗೆ ಅಗಸಿಯಲ್ಲಿ ಯಾರೂ ಕಾಯಲಿಲ್ಲ. ಎತ್ತುಗಳಿಗೆ ಜಾಹೀರಾತಿನ ವಿರಾಮ ಗೊತ್ತಿಲ್ಲ.

ಮಧ್ಯರಾತ್ರಿ ಹನ್ನೆರಡೂವರೆಗೆ ಫ್ರಾನ್ಸಿನಿಂದ ಯೂರೊ ಫುಟ್‌ಬಾಲ್. ಸೇಂಟ್ ಎಟಿಯೆನ್ನಿನಲ್ಲಿ ಇಂಗ್ಲೆಂಡ್ ಮತ್ತು ಸ್ಲೊವಾಕಿಯಾ. ಅದೇ ಹೊತ್ತಿಗೆ ಟುಲೂಸಿನಲ್ಲಿ ವೇಲ್ಸಿನವರು ರಷ್ಯಾಕ್ಕೆ ಮೂರು ಗೋಲು ಹೊಡೆಯುತ್ತಿದ್ದರು, ಆದರೆ ಕಟ್ಟೆಯ ಟಿವಿಗೆ ಸಿಕ್ಕಿದ್ದು ಮೊದಲನೆಯದು. ತೊಂಬತ್ತು ನಿಮಿಷ ಇಂಗ್ಲೆಂಡಿನವರು ಗೋಲಿನ ಸುತ್ತ ಸುಳಿದಾಡಿದರು. ಚೆಂಡು ಒಳಗೆ ಹೋಗಲಿಲ್ಲ.

"ಕಡೀಕ್ಕ ಯಾರ್ ಗೆದ್ರಪಾ?"

"ಯಾರೂ ಇಲ್ಲ ಕಾಕಾ. ಸೊನ್ನಿ-ಸೊನ್ನಿ."

"ಹಂಗಂದ್ರ ಎರಡೂ ಎತ್ತು ಕರಿ ಹರೀಲಾರದ ಹೊಳ್ಳಿ ಮನಿಗೆ ಬಂದ್ವೇನು?"

"ಹೂಂ ನೋಡ್ರಿ."

ಗೋಲೇ ಆಗದ ಆಟದಿಂದ ಬೆಳೆಯ ಫಲ ಹೇಳುವುದು ಹೇಗೆಂದು ಪ್ರಬಂಧಕಾರನಿಗೆ ಆ ರಾತ್ರಿ ತೋಚಲಿಲ್ಲ, ಕಾಕಾನಿಗೆ ತೋಚಿತ್ತು. "ಮುಂಗಾರಿಗೊಂದು ಸೊನ್ನಿ, ಹಿಂಗಾರಿಗೊಂದು ಸೊನ್ನಿ," ಎಂದು ಟವೆಲ್ ಕೊಡವಿ ಎದ್ದುಹೋದರು. ಆ ವರ್ಷ ರಾಜ್ಯ ಸರ್ಕಾರ ಮುಂಗಾರಿಗೂ ಬರ ಘೋಷಿಸಿತು, ಹಿಂಗಾರಿಗೂ ಘೋಷಿಸಿತು.