ಕಬ್ಬಿನ ಬಿಲ್ಲು, ದುರ್ಯೋಧನನ ಪರಿಹಾರ

ನಮ್ಮ ಜಮಖಂಡಿ ಸೀಮೆಯ ಏಳನೇ ಇಯತ್ತೆಯ ಹುಡುಗರಿಗೆ ಗಣಿತ ಬರುವುದಿಲ್ಲ ಎನ್ನುವವರು ಅವರಿಗೆ ಕಬ್ಬಿನ ಲೆಕ್ಕ ಕೊಟ್ಟು ನೋಡಿಲ್ಲ. ಟನ್ನಿಗೆ 3,000 ರೂಪಾಯಿಯಂತೆ 15 ಟನ್ನಿಗೆ ಎಷ್ಟು ಎಂದರೆ 45,000 ಥಟ್ಟನೆ ಬರುತ್ತದೆ. ಅದರ ಬೆನ್ನಿಗೇ ಹಿಂದಿನ ಬೆಂಚಿನಿಂದ, “ಸರ, ಬಿಲ್ಲು ಯಾವಾಗ ಬರತೈತ್ರಿ?” ಪುಸ್ತಕದ ಕೊನೆಯ ಉತ್ತರಮಾಲೆಯಲ್ಲೂ ಇದಕ್ಕೆ ಉತ್ತರವಿಲ್ಲ.

ರಬಕವಿ-ಬನಹಟ್ಟಿಯಲ್ಲಿ ರೇಖಾಗಣಿತ ಬಲು ಕಷ್ಟ, ಕಲಿಸುವವರಿಗೆ. ಮಗ್ಗದ ಸಪ್ಪಳದಲ್ಲೇ ಬೆಳೆದ ಮಕ್ಕಳವು. ಸಮಾಂತರ ರೇಖೆಗಳು ಎಂದೂ ಕೂಡುವುದಿಲ್ಲ ಎಂದು ಹಲಗೆಯ ಮೇಲೆ ಗೆರೆ ಎಳೆದರೆ, “ಹಾಸಿನ ಎಳಿ ಹರದರ ಕೂಡಿ ಗಂಟ ಆಗ್ತಾವ್ರಿ ಅಕ್ಕೋರ, ಬಿಡಸಾಕ ನನ್ನs ಕರೀತಾರ” ಎನ್ನುತ್ತಾಳೆ ಹುಡುಗಿ. ಯೂಕ್ಲಿಡ್ ಮಗ್ಗದ ಮುಂದೆ ಕೂತವನಲ್ಲ, ಬಿಡಿ.

ಮುಧೋಳದಲ್ಲಿ ವಿಜ್ಞಾನವೆಂದರೆ ನಾಯಿ. 2005ರಲ್ಲಿ ಅಂಚೆಚೀಟಿ ಏರಿದ ತಳಿ ಅದು. ಸಾಕುಪ್ರಾಣಿಯ ಉಪಯೋಗ ಬರೆಯಿರಿ ಎಂದರೆ ಮಕ್ಕಳು ಮರಿಯ ರೇಟು ಬರೆದಿಡುತ್ತವೆ.

ರನ್ನನೂ ಮುಧೋಳದ ಕಡೆಯವನೇ. ಆದರೆ ಅವನ ಗದಾಯುದ್ಧ ನಿಜವಾಗಿ ಅರ್ಥವಾಗುವುದು ಬೀಳಗಿಯಲ್ಲಿ, ಆಲಮಟ್ಟಿಯ ಹಿನ್ನೀರು ಹೊಲಮನೆ ನುಂಗಿದ ತಾಲ್ಲೂಕಿನಲ್ಲಿ. ದುರ್ಯೋಧನ ವೈಶಂಪಾಯನ ಸರೋವರದೊಳಗೆ ಇಳಿದ ಭಾಗವನ್ನು ಗುರುಗಳು ಗದ್ಗದಿತರಾಗಿ ಹೇಳುತ್ತಿದ್ದಾಗ ಒಬ್ಬ ಎದ್ದು ನಿಂತನಂತೆ:

“ಮುಳುಗಡಿ ಪರಿಹಾರ ಎಷ್ಟ ಕೊಟ್ರಿ ಅವಗ?”

ಗುರುಗಳು ಬಾಯಿ ತೆರೆಯುವ ಮೊದಲೇ ಪಕ್ಕದವನು ಅವನ ಅಂಗಿ ಜಗ್ಗಿ ಕೂರಿಸಿದ. “ಎಲ್ಲೀದೋ ಪರಿಹಾರ? ಪಾಂಡವರು ತಕರಾರ ಅರ್ಜಿ ಹಾಕ್ಯಾರಲ್ಲ!”