ಪಾಡ್ವದ ಪೊರಕೆ

ಪುಣೆಯ ಕನ್ನಡಿಗರಿಗೆ ಯುಗಾದಿ, ಗುಡಿ ಪಾಡ್ವ ಎರಡೂ ಒಂದೇ ದಿನ. ಹೋಳಿ ಬಣ್ಣ ಗೋಡೆ ಬಿಡುವ ಮೊದಲೇ ನಮ್ಮಾಕೆ ಹಬ್ಬದ ಸ್ವಚ್ಛತೆಗೆಂದು ಸೆರಗು ಸಿಕ್ಕಿಸಿ ಅಟ್ಟ ಹತ್ತುತ್ತಾಳೆ. ಅಲ್ಲಿಂದ ಹಳೇ ಸುಧಾ, ಮಯೂರ ಇಳಿಯುತ್ತವೆ. ರದ್ದಿಯವನ ತಕ್ಕಡಿಗೆ ಕನ್ನಡ ಬರುವುದಿಲ್ಲ. ಕಥೆ, ಕವಿತೆ, ಮರಾಠಿ ಪೇಪರು ಎಲ್ಲಕ್ಕೂ ಒಂದೇ ದರ. ಅಟ್ಟ ಖಾಲಿಯಾದ ಸಂಜೆಯೇ ತುಳಶೀಬಾಗ್ ಪೇಟೆಗೆ ಹೋಗಿ ಹೊಸ ಡಬ್ಬ ತರುತ್ತೇವೆ, ಅದು ಬೇರೆ ಮಾತು.

ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗೆ ವರ್ಷದ ಒಗ್ಗರಣೆಯೆಲ್ಲ ಅಂಟಿ, ಧೂಳು ಮೆತ್ತಿ, ಕಪ್ಪು ಹಲ್ವವಾಗಿರುತ್ತದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿದರೆ ಜಿಡ್ಡು ಸಡಿಲಾಗುತ್ತದೆ, ಇದು ರಸಾಯನಶಾಸ್ತ್ರ. ಉಜ್ಜುವವನು ನಾನೇ, ಇದು ಸಂಸಾರ.

ಬೆಡ್‌ರೂಮಿನ ಗಾದಿ ಬಡಿಯುವುದೇ ಕಷ್ಟ. ಈ ಊರಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ನಿದ್ದೆಗೆ ಮೀಸಲು. ಬಾಕರ್‌ವಡಿಯ ಚಿತಳೆಯವರೇ ವರ್ಷಗಟ್ಟಲೆ ಆ ಹೊತ್ತಿಗೆ ಅಂಗಡಿ ಮುಚ್ಚುತ್ತಿದ್ದರು ಅಂದಮೇಲೆ ನಮ್ಮ ಗಾದಿಯದೇನು ಲೆಕ್ಕ? ಪಕ್ಕದ ಮನೆ ಕಾಕೂ ಬಾಗಿಲಿಗೆ ಶುದ್ಧ ಪುಣೇರಿ ಪಾಟಿಯನ್ನೇ, ಅಂದರೆ ಈ ಊರಿನ ಕೊಂಕಿನ ಫಲಕವನ್ನೇ, ತೂಗುಹಾಕಿದ್ದಾರೆ: ‘ಧೂಳು ನಿಮ್ಮದು, ನಿದ್ದೆ ನಮ್ಮದು.’

ಹಾಗಾಗಿ ನಮ್ಮ ಬಡಿತ ನಾಲ್ಕು ಹೊಡೆದ ಮೇಲೆಯೇ. ಅಷ್ಟೊತ್ತಿಗೆ ಕಾಕೂ ಚಹಾ ಹಿಡಿದು ಬಾಲ್ಕನಿಗೆ ಬಂದಿರುತ್ತಾರೆ, ಇನ್ನೂ ಎಲ್ಲೆಲ್ಲಿ ಧೂಳಿದೆ ಎಂದು ತೋರಿಸಲು.